ಕಥೆ ಹೇಳುವ ಡ್ಯೂಟಿ

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅವರು ಇದ್ದಾಗ ಒಮ್ಮೆ ಕೇಳಿದ್ದೆ, "ಟೀಚರ್, ನಿಮ್ಮ ಬಗ್ಗೆ ಮೈಕಿನಲ್ಲಿ ನಾಲ್ಕು ಮಾತು ಹೇಳ್ಲಿಕ್ಕೆ ಆಸೆ ಉಂಟು" ಎಂದು. ಅವರು ನಕ್ಕು, "ಹೇಳಿ, ಹೆಸರು ಮಾತ್ರ ಬೇಡ. ಹೆಸರು ಹೇಳಿದ್ರೆ ನಾಳೆಯಿಂದ ಊರಿನ ಗಂಟುನೋವು ಎಲ್ಲ ನನ್ನ ಜಗಲಿಗೆ ಬರ್ತದೆ. ನನಗೆ ಉಸಿರಿನವರು ಮಾತ್ರ ಸಾಕು" ಎಂದಿದ್ದರು. ಕಳೆದ ಮಳೆಗಾಲದ ಕೊನೆಗೆ ಅವರು ತೀರಿಕೊಂಡರು. ಕೊಟ್ಟ ಮಾತು ಹಾಗೇ ಉಳಿದಿದೆ.

ಓದಿನಿಂದ ಅವರು ಫಿಸಿಯೋಥೆರಪಿಸ್ಟ್. ಮೆಲ್ಕಾರಿನ ಹಳೆಯ ಬ್ಯಾರಿ ಕುಟುಂಬದವರು, ಗಲ್ಫಿನ ಆಸ್ಪತ್ರೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಕೊರೊನಾ ಶುರುವಾದ ವರ್ಷ ಊರಿಗೆ ಮರಳಿದರು. ಯಾಕೆ ಬಂದಿರಿ ಎಂದು ಯಾರೂ ಕೇಳಲಿಲ್ಲ, ಆ ವರ್ಷ ಅಲ್ಲಿಂದ ಬರದವರೇ ಕಡಿಮೆ. ಆಮೇಲೆ ಒಂದು ಬೂದುಬಣ್ಣದ ಸ್ಕೂಟರಿನಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಸುತ್ತತೊಡಗಿದರು. ಆಸ್ಪತ್ರೆಯಿಂದ ಜೀವ ಉಳಿಸಿಕೊಂಡು ಬಂದರೂ ಉಸಿರು ಮಾತ್ರ ಹಿಂದೆಯೇ ಉಳಿದುಬಿಟ್ಟವರ ಮನೆಗಳಿಗೆ ಅವರು ಹೋಗುತ್ತಿದ್ದರು. ಉಸಿರಾಡಲು ಕಲಿಸುವವರನ್ನು ಏನೆಂದು ಕರೆಯಬೇಕೆಂದು ನಮ್ಮ ಜನರಿಗೆ ಗೊತ್ತಾಗದೆ ಉಸಿರಿನ ಟೀಚರ್ ಎಂದರು. ಅದೇ ಗಟ್ಟಿಯಾಯಿತು.

ನಾನು ಬಂಟ್ವಾಳದವನು. ಆಟೋದ ತಲೆಯ ಮೇಲೆ ಎರಡು ಹಾರ್ನ್ ಕಟ್ಟಿ, ಮೈಕನ್ನು ಹ್ಯಾಂಡಲಿನ ಪಕ್ಕದ ಸ್ಟ್ಯಾಂಡಿಗೆ ಸಿಕ್ಕಿಸಿ ಊರೂರಿಗೆ ಸುದ್ದಿ ಹಂಚುವುದು ನನ್ನ ಕೆಲಸ. ಯಕ್ಷಗಾನ, ಕಣ್ಣಿನ ಶಿಬಿರ, ನಾಳೆ ಕರೆಂಟ್ ಇಲ್ಲ, ಕಪ್ಪು ಚುಕ್ಕೆಯ ಕರು ಕಾಣೆಯಾಗಿದೆ, ಯಾವುದಾದರೂ ಸರಿ. ಜನ ಮೈಕಣ್ಣ ಎನ್ನುತ್ತಾರೆ. ಒಂದು ಸುದ್ದಿಯನ್ನು 'ಆತ್ಮೀಯ ಬಂಧುಗಳೇ' ಎಂದು ಶುರು ಮಾಡಿದರೆ 'ಸರ್ವರಿಗೂ ಆದರದ ಸ್ವಾಗತ' ಎನ್ನುವವರೆಗೆ ಒಂದೇ ಉಸಿರಿನಲ್ಲಿ ಮುಗಿಸುವುದು ನನ್ನ ಹೆಮ್ಮೆಯಾಗಿತ್ತು. ಅದೇ ಉಸಿರನ್ನು ಕೊರೊನಾ ಬಂದು ಕಸಿದುಕೊಂಡಿತು. ಮಂಗಳೂರಿನ ಆಸ್ಪತ್ರೆಯಿಂದ ಬರುವಾಗ ನನ್ನ ಜೊತೆ ಮೂಗಿನ ಕೊಳವೆಯೂ ಗುರುಗುಟ್ಟುವ ಆಕ್ಸಿಜನ್ ಯಂತ್ರವೂ ಬಂದವು. ಮತ್ತೆ ಮೈಕ್ ಹಿಡಿಯಬಹುದೇ ಎಂದು ಡಾಕ್ಟರನ್ನು ಕೇಳಿದೆ. ಅವರು, "ಮೊದಲು ಬಚ್ಚಲಿನವರೆಗೆ ನಡೆಯಿರಿ, ಆಮೇಲೆ ನೋಡುವ" ಎಂದರು. ನನಗೆ ಮೈಕ್ ಬಿಟ್ಟರೆ ಬೇರೆ ಏನೂ ಬರುವುದಿಲ್ಲ. ಮನೆಗೆ ಬಂದು ಗೋಡೆ ನೋಡುತ್ತಾ ಮಲಗಿದೆ.

ಟೀಚರ್ ಮೊದಲ ದಿನ ಬಂದಾಗ ಒಳಗೆ ಬರಲಿಲ್ಲ. ನಮ್ಮ ಮನೆ ಗುಡ್ಡೆಯ ಮೇಲಿದೆ. ರಸ್ತೆಯಿಂದ ಮುರಕಲ್ಲಿನ ಮೆಟ್ಟಿಲು ಹತ್ತಿ ಬರಬೇಕು, ಅರ್ಧದಾರಿಯಲ್ಲಿ ನನ್ನ ಹೆಂಡತಿಯ ಬಸಳೆ ಚಪ್ಪರವಿದೆ. ಅವರು ಅಲ್ಲಿ ನಿಂತು ಚಪ್ಪರವನ್ನು ಬಹಳ ಹೊತ್ತು ನೋಡಿದ್ದು ಮಂಚದ ಪಕ್ಕದ ಕಿಟಕಿಯಿಂದ ಕಾಣುತ್ತಿತ್ತು. ಯಾವ ಜಾತಿಯ ಬಸಳೆ, ಬೂದಿ ಹಾಕುತ್ತೀರಾ, ನೀರು ಎಷ್ಟು, ಹೀಗೆ ಅವಳ ಹತ್ತಿರ ಒಂದೊಂದೇ ಮಾತು ಕೇಳಿದರು. ಹೆಂಡತಿಗೆ ತನ್ನ ಬಸಳೆಯನ್ನು ಹೊಗಳಿದವರು ದೇವರ ಸಮಾನ. ಆಮೇಲೆ ಮೇಲೆ ಬಂದು, ಜಗಲಿಯಲ್ಲೇ ನಿಂತು, ಬಾಗಿಲಿನ ಮೂಲಕ ಮಂಚದ ಮೇಲಿದ್ದ ನನ್ನನ್ನು ನೋಡಿದರು. ನಾನು ಮಾತು ಶುರು ಮಾಡುವ ಮೊದಲೇ ಹೇಳಿದರು:

"ನಿಮ್ಮ ಭುಜ ಓವರ್‌ಟೈಮ್ ಮಾಡ್ತಾ ಉಂಟು. ಹೊಟ್ಟೆ ರಜೆಯಲ್ಲಿ ಉಂಟು. ಅದನ್ನು ಕೆಲಸಕ್ಕೆ ಕರೆಯುವ."

ಮುಟ್ಟದೆ, ಯಂತ್ರ ಇಡದೆ, ಜಗಲಿಯಿಂದ ನೋಡಿ ಅಷ್ಟು ಹೇಳಿದ್ದು ನನ್ನನ್ನು ದಂಗುಬಡಿಸಿತು. ಮೈಕಿನವನಾದ ನನಗೆ ನನ್ನ ಉಸಿರು ಎಲ್ಲಿಂದ ಬರುತ್ತದೆ ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವರ ಪಾಠ ಗಂಜಿಯಿಂದ ಶುರುವಾಯಿತು. ಹಬೆಯಾಡುವ ಕುಚ್ಚಲಕ್ಕಿ ಗಂಜಿಯ ಬಟ್ಟಲನ್ನು ಮುಂದಿಟ್ಟು, ಒಂದು ಚಮಚ ಎತ್ತಿ, "ಆರಿಸಿ" ಎಂದರು. ನಾನು ಫೂ ಎಂದೆ, ಗಂಜಿ ಅಂಗಿಯ ಮೇಲೆ ಚೆಲ್ಲಿತು. "ಹಾಗಲ್ಲ. ತುಟಿ ಸಣ್ಣ ಮಾಡಿ. ತಿಳಿ ಅಲುಗಬೇಕು, ಚೆಲ್ಲಬಾರದು. ಉಸಿರು ಒಳಗೆ ಬರುದು ಅದರಷ್ಟಕ್ಕೆ ಬರ್ತದೆ. ಹೊರಗೆ ಬಿಡುದನ್ನು ನೀವು ಕಲೀಬೇಕು." ನನ್ನಂಥವನಿಗೆ ಒಳಗೆ ಗಾಳಿ ಸಾಲದು ಎಂದೇ ಹೆದರಿಕೆ. ಹಳೆಯ ಗಾಳಿ ಪೂರ್ತಿ ಹೊರಗೆ ಹೋಗದೆ ಹೊಸದಕ್ಕೆ ಜಾಗವಾಗುವುದಿಲ್ಲ ಎಂದು ಅವರು ಹೇಳಿದ ಮೇಲೆ ತಿಳಿಯಿತು. ದಿನವೂ ಗಂಜಿ ಆರಿಸಿದೆ. ಕೊನೆಗೆ ಗಂಜಿ ಇಲ್ಲದೆಯೂ ಗಂಜಿ ಆರಿಸುವುದು ಅಭ್ಯಾಸವಾಯಿತು. ಮಂಚದಿಂದ ಏಳುವಾಗ, ಮೆಟ್ಟಿಲಿಗೆ ಕಾಲಿಡುವಾಗ, ಕಷ್ಟದ ಕೆಲಸ ಎಲ್ಲಿದೆಯೋ ಅಲ್ಲೆಲ್ಲ ತುಟಿ ಸಣ್ಣ ಮಾಡಿ ಬಿಡುವುದು.

ಸ್ನಾನ ಮಾಡಿ ಬಂದರೆ ಯಾಕೆ ಅಷ್ಟು ಏದುಸಿರು ಎಂದು ಮನೆಯವರಿಗೆ ತಲೆಬಿಸಿಯಾಗಿತ್ತು. ಟೀಚರ್ ಹೆಂಡತಿಯನ್ನು ಕೇಳಿದರು, "ಇವರು ತಲೆಗೆ ನೀರು ಹೊಯ್ಯುವಾಗ ಉಸಿರು ಕಟ್ತಾರಾ?" ನಾವೆಲ್ಲ ಕಟ್ಟುತ್ತೇವೆ. ಹಂಡೆಯ ಬಿಸಿನೀರನ್ನು ಚೆಂಬಿನಲ್ಲಿ ಒಂದರ ಹಿಂದೊಂದು ಸುರಿದುಕೊಳ್ಳುವಾಗ ಕಣ್ಣೂ ಮುಚ್ಚುತ್ತದೆ, ಉಸಿರೂ ನಿಲ್ಲುತ್ತದೆ. ಹುಟ್ಟಿದಂದಿನಿಂದ ಹಾಗೆಯೇ, ಅದೊಂದು ವಿಷಯವೆಂದೇ ಯಾರೂ ಎಣಿಸಿರಲಿಲ್ಲ. "ಕೂತು, ಹೆಗಲಿಗೆ ಹೊಯ್ಕೊಳ್ಳಿ. ತಲೆಗೆ ವಾರಕ್ಕೊಮ್ಮೆ ಸಾಕು. ಹೊಯ್ಯುವಾಗ ಗಂಜಿ ಆರಿಸಿ." ಮರುದಿನದಿಂದ ಸ್ನಾನ ಮುಗಿಸಿ ಬಂದು ಮಂಚಕ್ಕೆ ಬೀಳುವುದು ನಿಂತಿತು.

ಆದರೆ ನನ್ನ ನಿಜವಾದ ರೋಗವನ್ನು ಅವರು ಕಂಡುಹಿಡಿದದ್ದು ನೆಂಟರು ಬರತೊಡಗಿದ ಮೇಲೆ. ಕೊರೊನಾದ ಹೆದರಿಕೆ ಸ್ವಲ್ಪ ಇಳಿದು ಜನ ನೋಡಲು ಬರುತ್ತಿದ್ದರು. ಬನ್ನು, ಕಿತ್ತಳೆ, ಹಾರ್ಲಿಕ್ಸ್ ಹಿಡಿದು ಬಂದವರು ಕುರ್ಚಿ ಎಳೆದು ಕೂತು ಕೇಳುವುದು ಒಂದೇ: "ಎಂತ ಆದದ್ದು ಮಾರಾಯ, ಸುರುವಿನಿಂದ ಹೇಳು." ನೋಡಲು ಬಂದವರಿಗೆ ಸುರುವಿನಿಂದ ಹೇಳದಿದ್ದರೆ ಮರ್ಯಾದೆಯಲ್ಲ. ನಾನಂತೂ ಮೈಕಿನವನು. ಮೊದಲ ಸೀನಿನಿಂದ ಹಿಡಿದು, ಆಂಬುಲೆನ್ಸಿನ ಸೈರನ್ ಸಮೇತ, ಪ್ರತಿಯೊಬ್ಬರಿಗೂ ಪೂರ್ತಿ ಕಾರ್ಯಕ್ರಮ ಕೊಡುತ್ತಿದ್ದೆ. ಅವರು ಕಣ್ಣೊರೆಸಿಕೊಂಡು ಹೋದ ಮೇಲೆ ನನ್ನ ತುಟಿ ನೀಲಿಯಾಗುತ್ತಿತ್ತು.

ಒಂದು ದಿನ ಇಂಥ ಕಾರ್ಯಕ್ರಮದ ನಡುವೆ ಟೀಚರ್ ಬಂದರು. ಜಗಲಿಯಲ್ಲಿ ನಿಂತು ಕೇಳಿದರು. ಒಳಗೆ ಬಂದು ನನ್ನ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಸಿಕ್ಕಿಸಿ, ಅದರ ಅಂಕಿಯನ್ನು ನೆಂಟರಿಗೆ ತೋರಿಸಿದರು.

"ನೋಡಿ, ನಿಮಗೆ ಕಥೆ ಹೇಳಿ ಇವರು ಎಷ್ಟು ಖರ್ಚು ಮಾಡಿದ್ರು ಅಂತ." ಮತ್ತೆ ನನ್ನ ಕಡೆ ತಿರುಗಿ, "ಇವತ್ತಿನಿಂದ ನಿಮಗೆ ಮಾತು ಬಂದ್. ಬಂದವರಿಗೆ ಕಥೆ ಹೇಳುವ ಡ್ಯೂಟಿ ನಿಮ್ಮ ಹೆಂಡತಿಗೆ. ನೀವು ಕೇಳುದು ಮಾತ್ರ" ಎಂದರು.

"ಅವಳಿಗೆ ಹೇಳ್ಲಿಕ್ಕೆ ಬರುದಿಲ್ಲ ಟೀಚರ್" ಎಂದೆ.

ಅವರು ಬಲಗೈಯನ್ನು ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ಮೆಲ್ಲಗೆ ಇಳಿಸಿದರು. ಮಲಗಿದ ಮಗುವಿನ ಬೆನ್ನ ಮೇಲೆ ಕೈಯಿಡುವ ಹಾಗೆ. ನಿಲ್ಲಿಸು, ಉಸಿರು ಬಿಡು, ಆಮೇಲೆ ನೋಡುವ, ಎಲ್ಲವೂ ಆ ಒಂದು ಸನ್ನೆಯಲ್ಲಿತ್ತು. ಅವರು ದನಿ ಎತ್ತಿದ್ದನ್ನು ನಾನು ಯಾವತ್ತೂ ಕೇಳಿಲ್ಲ.

ಹೆಂಡತಿಯ ಕಥೆ ಮೊದಮೊದಲು ಭಾರೀ ಚಿಕ್ಕದಾಗಿತ್ತು. "ಜ್ವರ ಬಂತು, ಹೋದ್ರು, ಬಂದ್ರು. ಚಾ ಕುಡೀರಿ." ಮಂಚದಲ್ಲಿ ನಾನು ಹಲ್ಲು ಕಚ್ಚಿಕೊಂಡು ಮಲಗಿರುತ್ತಿದ್ದೆ. ಇಂಥ ಕಥೆಯನ್ನು ಹೀಗೆ ಹಾಳು ಮಾಡುವುದುಂಟೇ ಎಂದು ಸಿಟ್ಟು. ನೆಂಟರು ಬಿಡಬೇಕಲ್ಲ, ಕೆದಕಿ ಕೆದಕಿ ಕೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ ಅವಳ ಕಥೆ ಬೆಳೆಯಿತು. ಒಂದು ಮಧ್ಯಾಹ್ನ ಬಿ.ಸಿ. ರೋಡಿನ ಅವಳ ಚಿಕ್ಕಮ್ಮನ ಹತ್ತಿರ ಹೇಳಿದಳು:

"ನನ್ನನ್ನು ಮೇಲೆ ಬಿಡ್ತಿರ್ಲಿಲ್ಲ ಚಿಕ್ಕಮ್ಮ. ಕೆಳಗೆ ವಾಹನ ನಿಲ್ಲಿಸುವಲ್ಲಿ ನಿಲ್ತಿದ್ದೆ. ಇವರ ಕಿಟಕಿ ಯಾವುದು ಅಂತ ಗೊತ್ತಿಲ್ಲ. ಯಾವುದಾದರೂ ಒಂದು ನೋಡ್ಬೇಕಲ್ಲ. ಹಳದಿ ಪರದೆಯ ಒಂದು ಕಿಟಕಿ ಇತ್ತು, ಅದನ್ನೇ ನೋಡ್ತಾ ಇದ್ದೆ. ದಿನಾ ಹೋಗಿ ಅದೇ ಕಿಟಕಿ. ಮನೆಗೆ ಬಿಡುವ ದಿನ ನರ್ಸ್ ಹತ್ರ ಕೇಳಿದೆ. ಇವರು ಇದ್ದದ್ದು ಕಟ್ಟಡದ ಆಚೆ ಬದಿಯಲ್ಲಂತೆ."

ಹೇಳಿ ಅವಳೇ ಸ್ವಲ್ಪ ನಕ್ಕಳು. ನನಗೆ ಏನೋ ಹೇಳಬೇಕೆನಿಸಿತು. ಮಾತು ಬಂದ್ ಆಗಿತ್ತು. ನನಗೇನಾಯಿತು ಎಂಬುದೇ ಅಲ್ಲಿಯವರೆಗಿನ ನನ್ನ ಕಥೆ. ಯಾರದೋ ಕಿಟಕಿಯ ಕೆಳಗೆ ಒಬ್ಬಳು ನಿಂತಿದ್ದ ಕಥೆ ಅದರಲ್ಲಿ ಇರಲೇ ಇಲ್ಲ. ಕಣ್ಣಲ್ಲಿ ನೀರು ಬಂತು, ಅಳಲು ಉಸಿರು ಸಾಲದೆ ತುಟಿ ಸಣ್ಣ ಮಾಡಿ ಗಂಜಿ ಆರಿಸಿದೆ. ಮೂಲೆಯಲ್ಲಿ ಕೂತಿದ್ದ ಟೀಚರ್ ನನ್ನ ಬೆರಳ ಕ್ಲಿಪ್ ನೋಡಿ, "ಇವತ್ತು ಅಂಕಿ ಒಳ್ಳೆದುಂಟು" ಎಂದಷ್ಟೇ ಹೇಳಿ ಎದ್ದು ಹೋದರು. ಹೋಗುವಾಗ ಹೆಂಡತಿ ಎಂದಿನಂತೆ ಒಂದು ಕಟ್ಟು ಬಸಳೆ ಕೊಟ್ಟಳು.

ಯಂತ್ರ ಮೊದಲು ನಡೆಯುವಾಗ ಮಾತ್ರ ಸಾಕಾಯಿತು, ಆಮೇಲೆ ಅದೂ ಬೇಡವಾಯಿತು. ಡಾಕ್ಟರು ಒಪ್ಪಿದ ದಿನ ಟೀಚರ್ ನನ್ನನ್ನು ಆಟೋದಲ್ಲಿ ಕೂರಿಸಿ, ತಾವು ಹಿಂದಿನ ಸೀಟಿನಲ್ಲಿ ಕೂತರು. "ನಾಳೆ ಕರೆಂಟ್ ಇಲ್ಲ" ಎನ್ನುವ ಸಣ್ಣ ಸುದ್ದಿ. ಆತ್ಮೀಯ ಬಂಧುಗಳೇ ಎಂದು ಹಳೆಯ ಓಟಕ್ಕೆ ಇಳಿದವನಿಗೆ ಕನ್ನಡಿಯಲ್ಲಿ ಹಿಂದಿನಿಂದ ಆ ಅಂಗೈ ಇಳಿಯುವುದು ಕಂಡಿತು. ನಿಲ್ಲಿಸಿದೆ, ಉಸಿರು ಬಿಟ್ಟೆ. ಮತ್ತೆ ಎರಡು ಮಾತು, ಮತ್ತೆ ಅಂಗೈ. ಹಾಗೆ ನಿಂತು ನಿಂತು ಮೆಲ್ಕಾರ್ ಮುಟ್ಟಿದೆವು. ಅಲ್ಲಿ ಮೀನಿನಂಗಡಿಯವರು ಕೂಗಿ ಹೇಳಿದರು, "ಮೈಕಣ್ಣ, ಇಷ್ಟು ವರ್ಷದಲ್ಲಿ ಇವತ್ತೇ ನೀವು ಹೇಳಿದ್ದು ಎಂತ ಅಂತ ಗೊತ್ತಾದದ್ದು ಮಾರಾಯ್ರೆ." ಟೀಚರ್ ಹಿಂದಿನ ಸೀಟಿನಲ್ಲಿ ಮುಖಕ್ಕೆ ಸೆರಗು ಹಿಡಿದು ನಕ್ಕದ್ದು ಕನ್ನಡಿಯಲ್ಲಿ ಕಂಡಿತು.

ಆಮೇಲೆ ಅವರಿಗೆ ಸ್ಕೂಟರ್ ಓಡಿಸಲು ಬೇಸರವಾದ ದಿನಗಳಲ್ಲಿ ನಾನು ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಬೇಸರ ಎಂದೇ ಅವರು ಹೇಳುತ್ತಿದ್ದದ್ದು. ಬಾಡಿಗೆ ಕೊಡಲು ಬಂದರೆ ನಾನೂ ಅಂಗೈ ಕೆಳಗೆ ಮಾಡಿ ಇಳಿಸುತ್ತಿದ್ದೆ. ಹೋದ ಮನೆಯಲ್ಲಿ ನನ್ನ ಕೆಲಸ ಮೆಟ್ಟಿಲು ಹತ್ತಿ ತೋರಿಸುವುದು. "ಇವರು ನಿಮಗಿಂತ ಕಷ್ಟದಲ್ಲಿದ್ದವರು. ಈಗ ನೋಡಿ. ಮಾತಾಡಿಸ್ಬೇಡಿ, ನಿಲ್ಲಿಸ್ಲಿಕ್ಕೆ ನನ್ನಿಂದಾಗುದಿಲ್ಲ" ಎಂದು ಪರಿಚಯಿಸುತ್ತಿದ್ದರು.

ನಾರಾವಿಯಲ್ಲಿ ಒಬ್ಬರು ಹಿರಿಯ ಕೃಷಿಕರು ಆಸ್ಪತ್ರೆಯಿಂದ ಬಂದವರು ಮಂಚ ಬಿಟ್ಟಿರಲಿಲ್ಲ. ಮನೆಯವರ ಪ್ರೀತಿಯೇ ಅವರಿಗೆ ಮುಳುವಾಗಿತ್ತು. ಬಾಯಾರಿದರೆ ನೀರು ಮಂಚಕ್ಕೆ, ಹಸಿದರೆ ಊಟ ಮಂಚಕ್ಕೆ. ಕಾಲು ಹಗ್ಗದ ಹಾಗಾಗಿತ್ತು. ನಡೆಯಿರಿ ಎಂದರೆ "ಎಲ್ಲಿಗೆ ನಡೆಯುದು, ನನಗೆ ಎಲ್ಲಿಗೂ ಹೋಗ್ಲಿಕ್ಕಿಲ್ಲ" ಎಂಬ ಉತ್ತರ. ಟೀಚರ್ ವಾದಿಸಲಿಲ್ಲ. ತಲೆದಿಂಬಿನ ಪಕ್ಕದಲ್ಲಿದ್ದ ಎಲೆ ಅಡಿಕೆಯ ಹರಿವಾಣವನ್ನು ಎತ್ತಿ ಕೋಣೆಯ ಬಾಗಿಲ ಹತ್ತಿರ ಇಟ್ಟರು. "ಇದನ್ನು ಯಾರೂ ತಂದು ಕೊಡ್ಬಾರ್ದು" ಎಂದು ಸೊಸೆಗೆ ಹೇಳಿ ಹೊರಟರು. ಆ ಮನುಷ್ಯ ಊಟ ಬಿಟ್ಟಾರು, ಎಲೆ ಬಿಡುವವರಲ್ಲ. ನಮ್ಮ ಮುಂದಿನ ಭೇಟಿಗೆ ಹರಿವಾಣ ಚಾವಡಿಗೆ ಹೋಯಿತು, ಮತ್ತೆ ಅಂಗಳದ ಕಟ್ಟೆಗೆ. ಕೊನೆಯ ಸಲ ಹೋದಾಗ ಅದು ಹಟ್ಟಿಯ ಪಾಗಾರದ ಗೋಡೆಯ ಮೇಲಿತ್ತು, ಯಜಮಾನರು ಬಾಯಿತುಂಬ ಎಲೆ ಹಾಕಿಕೊಂಡು ದನದ ಬೆನ್ನು ಸವರುತ್ತಾ ನಿಂತಿದ್ದರು. ನನ್ನನ್ನು ಕಂಡು, "ನಿಮ್ಮ ಟೀಚರ್ ಕಳ್ಳಿ" ಎಂದರು. ಎಲೆ ಅಡಿಕೆ ಒಳ್ಳೆಯದಲ್ಲ ಎಂದು ಹೇಳುವುದಿಲ್ಲವೇ ಎಂದು ವಾಪಸ್ ಬರುವಾಗ ಕೇಳಿದೆ. "ಹೇಳ್ತೇನೆ. ಮೊದಲು ತೋಟದವರೆಗೆ ನಡೀಲಿ" ಎಂದರು.

ಎಲ್ಲರೂ ನಡೆದರು ಎಂದು ಬರೆದರೆ ಸುಳ್ಳಾಗುತ್ತದೆ. ಬೆಳುವಾಯಿಯಲ್ಲಿ ನನ್ನದೇ ಪ್ರಾಯದ ಒಬ್ಬ ದರ್ಜಿ ಇದ್ದ. ಅವನ ಶ್ವಾಸಕೋಶ ಗಾಯದ ಕಲೆಯಂತೆ ಬಿಗಿದುಹೋಗಿತ್ತು. "ಟೀಚರ್, ಮೊದಲಿನ ಹಾಗೆ ಆಗ್ತದಾ?" ಎಂದು ಕೇಳಿದ. ನಾನಾಗಿದ್ದರೆ ಖಂಡಿತ ಆಗ್ತದೆ ಎಂದು ಮೈಕಿನ ದನಿಯಲ್ಲಿ ಹೇಳಿಬಿಡುತ್ತಿದ್ದೆ. ಅವರು ಅವನ ಎದುರು ನೆಲದ ಮೇಲೆ ಕೂತು, "ಹೋದದ್ದು ಬರ್ಲಿಕ್ಕಿಲ್ಲ. ಇದ್ದದ್ದರಲ್ಲಿ ಹೇಗೆ ಬದುಕುದು ಅಂತ ನಾನು ಹೇಳಿಕೊಡ್ತೇನೆ. ಅದು ನನಗೆ ಗೊತ್ತುಂಟು" ಎಂದರು. ಅವನು ಹೊಲಿಗೆ ಯಂತ್ರದ ಮುಂದೆ ಮೊಣಕೈ ಊರಿ ಕೂರುವುದನ್ನು ಕಲಿತ, ಒಂದು ಹೊಲಿಗೆಗೆ ಒಂದು ಉಸಿರು ಎಂದು ತುಳಿಯುವುದನ್ನು ಕಲಿತ. ತೀರಿಕೊಳ್ಳುವ ಮುಂಚೆ ಮಗಳ ಶಾಲೆಯ ಯೂನಿಫಾರ್ಮ್ ತಾನೇ ಹೊಲಿದು ಮುಗಿಸಿದ. ಅದು ನನಗೆ ಗೊತ್ತುಂಟು ಎಂದು ಟೀಚರ್ ಹೇಳಿದ್ದನ್ನು ಓದಿನ ಮಾತು ಎಂದುಕೊಂಡಿದ್ದೆ.

ಹೋದ ಮಳೆಗಾಲ ಶುರುವಾದ ಮೇಲೆ ಅವರ ಫೋನು ಬರಲಿಲ್ಲ. ಜ್ವರ ಬಂದು ಮಲಗಿದ್ದಾರೆ ಎಂದು ಯಾರೋ ಹೇಳಿದರು. ಹೆಂಡತಿ ಚಪ್ಪರದ ಎಳೆಯ ಕುಡಿಗಳನ್ನೇ ಆರಿಸಿ ದೊಡ್ಡ ಕಟ್ಟು ಮಾಡಿ ಕೊಟ್ಟಳು. ಮೆಲ್ಕಾರಿನ ಅವರ ಮನೆಗೆ ಅದೇ ಮೊದಲು ನಾನು ಹೋದದ್ದು. ಬಾಗಿಲು ತೆರೆದದ್ದು ಅವರ ತಂಗಿ. ಬಸಳೆಯ ಕಟ್ಟು ನೋಡಿ ಅವರಿಗೆ ನಗು ಬಂತು.

"ಓ, ಬಸಳೆಯ ಮನೆಯವರು ನೀವಾ? ಅಕ್ಕನಿಗೆ ಬಸಳೆ ಕಂಡ್ರೆ ಆಗುದಿಲ್ಲ. ಲೋಳೆ ಅಂತ ಚಿಕ್ಕಂದಿನಿಂದ ಮುಟ್ಟಿದವಳಲ್ಲ. ಪ್ರತಿ ಸಲ ತಂದು ಪಕ್ಕದ ಮನೆಗೆ ಕೊಡ್ತಿದ್ಲು. ಬೇಡ ಅಂತ ಹೇಳ್ಬಾರ್ದಾ ಅಂದ್ರೆ, ಆ ಚಪ್ಪರ ನನಗೆ ಬೇಕು ಅಂತಿದ್ಲು."

ನಾನು ಒಳಗೆ ನೋಡಿದೆ. ಅವರು ದಿಂಬುಗಳಿಗೆ ಒರಗಿ ಕೂತಿದ್ದರು. ಮೂಗಿನಲ್ಲಿ ಕೊಳವೆ, ಮೂಲೆಯಲ್ಲಿ ಅದೇ ಗುರುಗುಟ್ಟುವ ಯಂತ್ರ. ಅವರ ಭುಜ ಓವರ್‌ಟೈಮ್ ಮಾಡುತ್ತಿತ್ತು. ನೋಡುವುದನ್ನು ಕಲಿಸಿದವರು ಅವರೇ ಆದ್ದರಿಂದ ಜಗಲಿಯಿಂದಲೇ ನನಗೆ ಗೊತ್ತಾಯಿತು.

ತಂಗಿ ಮೆಲುದನಿಯಲ್ಲಿ ಉಳಿದದ್ದನ್ನು ಹೇಳಿದರು. ಗಲ್ಫಿನಲ್ಲಿ ರೋಗಿಗಳ ನಡುವೆ ಕೆಲಸ ಮಾಡುತ್ತಿದ್ದಾಗಲೇ ಅವರಿಗೂ ಕೊರೊನಾ ಬಂದಿತ್ತು. ಊರಿಗೆ ಬರುವಾಗಲೇ ಶ್ವಾಸಕೋಶದ ಬಹುಪಾಲು ಬಿಗಿದುಹೋಗಿತ್ತು. ಹೋದದ್ದು ಹಿಂದೆ ಬರುವುದಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿ ಕಳುಹಿಸಿದ್ದರು. ಈಗಿನ ಜ್ವರ ಇದ್ದದ್ದನ್ನೂ ತೆಗೆದುಕೊಂಡಿತು.

ಬೂದಿ ಹಾಕುತ್ತೀರಾ, ನೀರು ಎಷ್ಟು. ಒಂದೊಂದು ಮಾತಿನ ನಡುವೆ ಅವರು ಚಪ್ಪರದ ಕಂಬ ಹಿಡಿದು ನಿಲ್ಲುತ್ತಿದ್ದದ್ದು ನೆನಪಾಯಿತು. ಅಷ್ಟು ಉಸಿರಿನಲ್ಲಿ ಈ ಹೆಂಗಸು ನಮ್ಮ ಗುಡ್ಡೆ ಹತ್ತಿದ್ದರು, ನಾರಾವಿಗೆ ಹೋಗಿದ್ದರು, ಬೆಳುವಾಯಿಯ ನೆಲದ ಮೇಲೆ ಕೂತಿದ್ದರು. ತನ್ನ ಹತ್ತಿರ ಇಲ್ಲದ್ದನ್ನು ಊರಿಗೆಲ್ಲ ಹಂಚಿದ್ದರು. ನನಗೆ ಇವತ್ತಿಗೂ ಇದು ನಂಬಲಿಕ್ಕಾಗುವುದಿಲ್ಲ. ದೊಡ್ಡವರು ಎಂಬ ಮಾತನ್ನು ನಾನು ಮೈಕಿನಲ್ಲಿ ಎಷ್ಟೋ ಜನರಿಗೆ ಹೇಳಿದ್ದೇನೆ. ಆ ಮಾತು ಯಾರಿಗೆ ಎಂದು ತಿಳಿದದ್ದು ಆ ಬಾಗಿಲಲ್ಲಿ ನಿಂತಾಗ.

ನಾನು ಒಳಗೆ ಹೋಗಿ ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಪಾಣೆಮಂಗಳೂರಿನ ಅವರ ಸಂಬಂಧಿಕರು ಬಂದರು. ಮೂರು ನಾಲ್ಕು ಹೆಂಗಸರು, ಕೈಯಲ್ಲಿ ಬನ್ನು, ಕಿತ್ತಳೆ. ಹಿರಿಯಾಕೆ ಮಂಚದ ಹತ್ತಿರ ಕೂತು, ಟೀಚರ್ ಅವರ ಕೈ ಹಿಡಿದು, ಬ್ಯಾರಿ ಭಾಷೆಯಲ್ಲಿ ಕೇಳಿದರು. ಮಾತು ಬೇರೆಯಾದರೂ ಪ್ರಶ್ನೆ ನನಗೆ ಗೊತ್ತಿದ್ದದ್ದೇ. ಎಂತ ಆದದ್ದು, ಸುರುವಿನಿಂದ ಹೇಳು.

ಟೀಚರ್ ಬಾಯಿ ತೆರೆದರು. ಕೇಳಿದವರಿಗೆ ಹೇಳದಿರುವುದು ಹೇಗೆ? ಊರಿಗೆಲ್ಲ ಮಾತು ಬಂದ್ ಮಾಡಿಸಿದವರಿಗೂ ಅದು ಆಗಲಿಲ್ಲ.

"ಉಮ್ಮ," ಎಂದೆ ನಾನು ಆ ಹಿರಿಯಾಕೆಗೆ. "ಅವರಿಗೆ ಮಾತು ಬಂದ್. ಕಥೆ ಹೇಳುವ ಡ್ಯೂಟಿ ನನಗೆ. ಸುರುವಿನಿಂದ ಹೇಳ್ತೇನೆ."

ಟೀಚರ್ ನನ್ನ ಕಡೆ ನೋಡಿದರು. ನೋಡಿ, ಹಿಂದಕ್ಕೆ ಒರಗಿ, ಕಣ್ಣು ಮುಚ್ಚಿದರು. ಅವರು ಬೂದುಬಣ್ಣದ ಸ್ಕೂಟರಿನಲ್ಲಿ ಬಂದದ್ದನ್ನು ಹೇಳಿದೆ. ಗಂಜಿ ಹೇಳಿದೆ, ಚೆಂಬು ಹೇಳಿದೆ, ಹರಿವಾಣ ಹೇಳಿದೆ, ಹೆಂಗಸರು ನಕ್ಕರು. ದರ್ಜಿಯನ್ನು ಹೇಳಿದೆ, ಹಿರಿಯಾಕೆ ಕಣ್ಣೊರೆಸಿಕೊಂಡರು. ಬಸಳೆ ಚಪ್ಪರವನ್ನು ಮಾತ್ರ ಹೇಳಲಿಲ್ಲ. ಹೇಳುತ್ತಾ ಹೇಳುತ್ತಾ ಹಳೆಯ ಓಟ ಬಂದುಬಿಟ್ಟಿತು, ಒಂದರ ಮೇಲೊಂದು ಮಾತು, ನಿಲ್ಲಿಸಿದರೆ ಅಳು ಬರುತ್ತದೆ ಎಂದು ನಿಲ್ಲಿಸದೆ ಹೇಳುತ್ತಲೇ ಹೋದೆ.

ಮುಚ್ಚಿದ ಕಣ್ಣನ್ನು ತೆರೆಯದೆ ಟೀಚರ್ ಹೊದಿಕೆಯಿಂದ ಬಲಗೈ ಹೊರಗೆ ತೆಗೆದರು. ಅಂಗೈ ಕೆಳಗೆ ಮಾಡಿ ಮೆಲ್ಲಗೆ ಇಳಿಸಿದರು.

ನಾನು ನಿಲ್ಲಿಸಿದೆ. ಉಸಿರು ಬಿಟ್ಟೆ. ಆಮೇಲೆ ಮುಂದಿನ ಮಾತು ಹೇಳಿದೆ.